ಜಾತಿ ಕೇಳಿದರೆ ಸಂಶೋಧಕಿ ಏನು ಹೇಳಬೇಕು?

ಪ್ರಶ್ನೆ: ನಾನು ಸಮಾಜಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಕಾವೇರಿ ನಾಲೆ ಬಯಲಿನ ಒಂದು ಹಳ್ಳಿಯಲ್ಲಿ ಗದ್ದೆ ಗುತ್ತಿಗೆ ಮತ್ತು ನೀರು ಹಂಚಿಕೆ ಕುರಿತು ಕ್ಷೇತ್ರಕಾರ್ಯ ನಡೆಸುತ್ತಿದ್ದೇನೆ. ನಾನು ಪರಿಶಿಷ್ಟ ಜಾತಿಗೆ ಸೇರಿದವಳು. ನನ್ನ ಹೆಸರಿನಿಂದಾಗಲಿ ಮಾತಿನಿಂದಾಗಲಿ ಅದು ತಿಳಿಯುವುದಿಲ್ಲ. ಭೂಮಿಯಿರುವ ಮನೆಗಳವರು ನನ್ನನ್ನು ತಮ್ಮ ಪೈಕಿಯವಳೆಂದೇ ತಿಳಿದಿದ್ದಾರೆ. ನಾನು ಹೌದೆಂದೂ ಹೇಳಿಲ್ಲ, ಅಲ್ಲವೆಂದೂ ಹೇಳಿಲ್ಲ. ಅವರ ಅಡುಗೆಮನೆಯಲ್ಲಿ ಕುಳಿತು ಊಟ ಮಾಡಿದ್ದೇನೆ. ನನ್ನೆದುರಿಗೇ ದಲಿತರ ಕಾಲೊನಿಯ ಜನರ ಬಗ್ಗೆ ಹೀನಾಯವಾಗಿ ಮಾತನಾಡುತ್ತಾರೆ. ಅವೆಲ್ಲ ನನ್ನ ಟಿಪ್ಪಣಿ ಪುಸ್ತಕದಲ್ಲಿವೆ. ‘ಹೇಳಲೇಬೇಡಿ, ಮಾಹಿತಿ ನಿಂತುಹೋಗುತ್ತದೆ’ ಎಂದು ಮಾರ್ಗದರ್ಶಕರು ಹೇಳುತ್ತಾರೆ. ‘ಇದು ಮೋಸ’ ಎಂದು ಗೆಳತಿ ಹೇಳುತ್ತಾಳೆ. ನಾನು ಏನು ಮಾಡಲಿ? ಆ ಮಾತುಗಳನ್ನು ಪ್ರಬಂಧದಲ್ಲಿ ಬಳಸಬಹುದೇ? ಊರಿನ ಹೆಸರು ಬದಲಿಸಿದರೆ ಸಾಕೇ?

ಉತ್ತರ: ನಿಮ್ಮ ಜಾತಿಯನ್ನು ಊರಿಗೆ ತಿಳಿಸಲೇಬೇಕಾದ ಹಂಗು ನಿಮಗಿಲ್ಲ. ಅದರ ಬಗ್ಗೆ ಸುಳ್ಳು ಹೇಳುವಂತೆಯೂ ಇಲ್ಲ. ನಿಮ್ಮ ಮಾರ್ಗದರ್ಶಕರ ತೀರ್ಮಾನ ಅರ್ಧ ಸರಿ, ಅವರು ಕೊಟ್ಟ ಕಾರಣ ಪೂರ್ತಿ ತಪ್ಪು. ನಿಮ್ಮ ಗೆಳತಿಯ ಕಳಕಳಿ ಸರಿಯಾದದ್ದೇ, ಆದರೆ ಮೋಸ ಎಲ್ಲಿದೆ ಎಂಬುದನ್ನು ಅವರು ಸರಿಯಾಗಿ ಗುರುತಿಸಿಲ್ಲ.

ಸಂಶೋಧಕರು ಜನರಿಗೆ ತಪ್ಪದೆ ತಿಳಿಸಬೇಕಾದ ಸಂಗತಿಗಳು ಕೆಲವೇ: ನಾನು ಯಾವ ವಿಶ್ವವಿದ್ಯಾಲಯದವಳು, ಏನನ್ನು ಅಧ್ಯಯನ ಮಾಡುತ್ತಿದ್ದೇನೆ, ನೀವು ಹೇಳಿದ್ದನ್ನು ಏನು ಮಾಡುತ್ತೇನೆ, ಇದರಿಂದ ನಿಮಗೆ ಲಾಭವೇನೂ ಇಲ್ಲದಿರಬಹುದು, ಬೇಡವೆನಿಸಿದರೆ ಯಾವಾಗ ಬೇಕಾದರೂ ಮಾತು ನಿಲ್ಲಿಸಬಹುದು. ಇದರಲ್ಲಿ ಒಂದನ್ನು ಮರೆಮಾಚಿದರೂ ಮೋಸವೇ. ಗುತ್ತಿಗೆಯ ಅಧ್ಯಯನಕ್ಕೆ ಬಂದವರು ‘ಹಳ್ಳಿಯ ಹಾಡು ಸಂಗ್ರಹಿಸಲು ಬಂದಿದ್ದೇನೆ’ ಎಂದರೆ ಮೋಸ. ಇಲಾಖೆಯೊಂದರ ಹಣ ಪಡೆದು ಅದನ್ನು ಹೇಳದಿದ್ದರೆ ಮೋಸ. ನಿಮ್ಮ ಜಾತಿ ಈ ಪಟ್ಟಿಗೆ ಸೇರುವುದಿಲ್ಲ. ನೀವು ಬರೆಯುವುದರಿಂದ ಅವರಿಗೆ ಆಗಬಹುದಾದ ಒಳಿತು ಕೆಡುಕುಗಳನ್ನು ಅಳೆಯಲು ಅವರಿಗೆ ಬೇಕಾದ ಮಾಹಿತಿ ಅದಲ್ಲ. ನಿಮ್ಮನ್ನು ಎಲ್ಲಿ ಕೂರಿಸಬೇಕು, ಯಾವ ಲೋಟದಲ್ಲಿ ನೀರು ಕೊಡಬೇಕು ಎಂದು ನಿರ್ಧರಿಸಲು ಮಾತ್ರ ಅದು ಬೇಕಾಗುತ್ತದೆ. ಅಸ್ಪೃಶ್ಯತೆಯನ್ನು ಸಂವಿಧಾನದ 17ನೇ ವಿಧಿ ರದ್ದುಪಡಿಸಿದೆ. ಅದನ್ನು ಸುಸೂತ್ರವಾಗಿ ಆಚರಿಸಲು ನೆರವಾಗುವುದು ಸಂಶೋಧನಾ ನೈತಿಕತೆಯ ಭಾಗ ಎಂದು ನಾನು ಒಪ್ಪುವುದಿಲ್ಲ. ಅವರ ಅಡುಗೆಮನೆಯಲ್ಲಿ ಉಂಡದ್ದಕ್ಕೆ ನೀವು ಯಾರ ಕ್ಷಮೆಯನ್ನೂ ಕೇಳಬೇಕಾಗಿಲ್ಲ.

ನಮ್ಮ ಶಾಸ್ತ್ರದ ಹಿರಿಯರಿಗೆ ಈ ಪ್ರಶ್ನೆ ಎದುರಾಗಲೇ ಇಲ್ಲ ಎಂಬುದನ್ನೂ ಗಮನಿಸಿ. ಎಂ. ಎನ್. ಶ್ರೀನಿವಾಸ್ 1948ರಲ್ಲಿ ಹಳೆ ಮೈಸೂರು ಸೀಮೆಯ ಹಳ್ಳಿಯೊಂದಕ್ಕೆ ಹೋಗಿ ನೆಲೆಸಿದರು. ತಮ್ಮ ಬರಹಗಳಲ್ಲಿ ಅದಕ್ಕೆ ಅವರಿಟ್ಟ ಹೆಸರು ರಾಮಪುರ. ಅವರ ಪೂರ್ವಿಕರ ಊರಾದ ಅರಕೆರೆಯೂ ಅದೇ ಸೀಮೆಯದು. ಹಾಗಾಗಿ ಅವರು ಯಾರು ಎಂದು ಹಳ್ಳಿಯವರಿಗೆ ವಿವರಿಸುವ ಅಗತ್ಯವೇ ಬೀಳಲಿಲ್ಲ. ಜಮೀನಿದ್ದ ಬ್ರಾಹ್ಮಣ ಮನೆತನದ ಓದಿದ ಹುಡುಗ ಎಂದು ಅವರೇ ಗುರುತಿಸಿಕೊಂಡರು. ಊರಿನ ಮುಖಂಡರು ತಮ್ಮ ಎತ್ತಿನ ಮನೆಯಲ್ಲೇ ಜಾಗ ಕೊಟ್ಟರು. ಜಾತಿ ಅವರಿಗೆ ಬಾಗಿಲು ತೆರೆಯಿತು. ಆದರೆ ಅದೇ ಜಾತಿ ಕಾವಲನ್ನೂ ಹಾಕಿತು. ಶ್ರೀನಿವಾಸ್ ಸ್ನಾನವಾದ ಮೇಲೆ ಗಡ್ಡ ಹೆರೆದುಕೊಳ್ಳುತ್ತಿದ್ದುದು ಬ್ರಾಹ್ಮಣನಿಗೆ ತಕ್ಕುದಲ್ಲವೆಂದು ಊರಿನವರೇ ಆಕ್ಷೇಪಿಸಿದರು. ಆಕ್ಸ್‌ಫರ್ಡ್‌ನಲ್ಲಿ ಓದಿ ಬಂದ ವಿದ್ವಾಂಸನಿಗೆ ಆಚಾರ ಕಲಿಸಿದವರು ರಾಮಪುರದ ರೈತರು! ಮುಖಂಡರ ಮನೆಯ ಅತಿಥಿಯಾಗಿದ್ದುದರಿಂದ ದಲಿತರ ನಡುವೆ ತಾವು ಸಲೀಸಾಗಿ ಬೆರೆಯಲು ಆಗಲಿಲ್ಲವೆಂದು ‘ದಿ ರಿಮೆಂಬರ್ಡ್ ವಿಲೇಜ್’ (1976) ಕೃತಿಯಲ್ಲಿ ಅವರೇ ಬರೆದುಕೊಂಡಿದ್ದಾರೆ.

ಸಮಾಜಶಾಸ್ತ್ರಜ್ಞ ಆಂದ್ರೆ ಬೆತೆಯ್ ಅವರದು ಇನ್ನೂ ಸ್ವಾರಸ್ಯದ ಪ್ರಸಂಗ. ಅವರ ತಂದೆ ಫ್ರೆಂಚರು, ತಾಯಿ ಬಂಗಾಳಿ. 1960ರ ದಶಕದ ಆರಂಭದಲ್ಲಿ ತಂಜಾವೂರು ಜಿಲ್ಲೆಯ ಹಳ್ಳಿಯೊಂದರ ಅಗ್ರಹಾರದಲ್ಲಿ ಬ್ರಾಹ್ಮಣರ ಮನೆಯೊಂದರಲ್ಲಿದ್ದು ಕ್ಷೇತ್ರಕಾರ್ಯ ಮಾಡಿದರು. ಉಡುಪು, ರೂಪ, ವಾಸದ ಮನೆ ನೋಡಿ ಹಳ್ಳಿಯವರು ತಮ್ಮನ್ನು ಬ್ರಾಹ್ಮಣರ ಜೊತೆಗೇ ಸೇರಿಸಿದರು, ದಲಿತರ ಪಾಲಿಗೆ ತಾವೂ ಇನ್ನೊಬ್ಬ ಬ್ರಾಹ್ಮಣನೇ ಆಗಿದ್ದೆವು ಎಂದು 1965ರ ತಮ್ಮ ಪುಸ್ತಕದಲ್ಲಿ ಅವರು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಅಗ್ರಹಾರದವರ ಆ ಎಣಿಕೆಯನ್ನು ಹಾಗೇ ಇರಗೊಟ್ಟದ್ದಕ್ಕೆ ಬೆತೆಯ್ ಮೋಸ ಮಾಡಿದರು ಎಂದು ಯಾರಾದರೂ ಹೇಳಿದ್ದನ್ನು ನಾನು ಕೇಳಿಲ್ಲ. ಮೇಲಿನವರೊಂದಿಗೆ ಬೆರೆತ ಸಂಶೋಧಕನದು ಕೌಶಲ, ಕೆಳಗಿನಿಂದ ಬಂದವಳು ಸುಮ್ಮನಿದ್ದರೆ ವಂಚನೆ ಎನ್ನುವ ಲೆಕ್ಕವನ್ನು ನಿಮ್ಮ ಗೆಳತಿ ಇನ್ನೊಮ್ಮೆ ಪರಿಶೀಲಿಸಲಿ.

ಮೋಸ ಹೇಗಿರುತ್ತದೆ ಎಂದು ನೋಡಬೇಕಾದರೆ ಸಮಾಜಶಾಸ್ತ್ರಜ್ಞ ಲಾಡ್ ಹಂಫ್ರೀಸ್ ಅವರ ಅಧ್ಯಯನ ನೋಡಬೇಕು. ಸಾರ್ವಜನಿಕ ಶೌಚಾಲಯಗಳಲ್ಲಿ ಗುಟ್ಟಾಗಿ ಸಲಿಂಗ ಸಂಗ ಅರಸಿ ಬರುತ್ತಿದ್ದ ಗಂಡಸರನ್ನು 1960ರ ದಶಕದ ಅಮೆರಿಕದಲ್ಲಿ ಅವರು ಗಮನಿಸಿದರು. ಆಗ ಸಿಕ್ಕಿಬಿದ್ದರೆ ಜೈಲು, ಕೆಲಸ ಹೋಗುವುದು, ಸಂಸಾರ ಒಡೆಯುವುದು ಎಲ್ಲವೂ ಇತ್ತು. ಕಾವಲು ಕಾಯುವವನ ಸೋಗಿನಲ್ಲಿ ನಿಂತು, ಅವರ ಕಾರುಗಳ ಸಂಖ್ಯೆ ಬರೆದುಕೊಂಡು, ಆ ಸಂಖ್ಯೆಯಿಂದ ವಿಳಾಸ ಪತ್ತೆಹಚ್ಚಿದರು. ಸುಮಾರು ಒಂದು ವರ್ಷದ ಬಳಿಕ ಗುರುತು ಸಿಗದಂತೆ ವೇಷ ಬದಲಿಸಿ, ಆರೋಗ್ಯ ಸಮೀಕ್ಷೆಯ ನೆಪದಲ್ಲಿ ಅವರ ಮನೆಗಳಿಗೇ ಹೋಗಿ ಪ್ರಶ್ನೆ ಕೇಳಿದರು. ಉದ್ದೇಶ ಒಳ್ಳೆಯದೇ ಇತ್ತು. ಆ ಗಂಡಸರ ಬಗ್ಗೆ ಪೊಲೀಸರಿಗಿದ್ದ ಪೂರ್ವಗ್ರಹವನ್ನು 1970ರಲ್ಲಿ ಬಂದ ಪುಸ್ತಕ ತಕ್ಕಮಟ್ಟಿಗೆ ಅಲುಗಿಸಿತು ಕೂಡ. ಆದರೂ ಅದು ಇಂದಿಗೂ ತರಗತಿಯಲ್ಲಿ ಹೀಗೆ ಮಾಡಬಾರದು ಎಂಬುದರ ಉದಾಹರಣೆಯಾಗಿಯೇ ಬರುತ್ತದೆ. ಅಲ್ಲಿ ಬಲವಿದ್ದವನು ಮರೆಯಲ್ಲಿದ್ದ. ಅಪಾಯವೆಲ್ಲ ಏನೂ ತಿಳಿಯದವರ ತಲೆಯ ಮೇಲಿತ್ತು. ನಿಮ್ಮಲ್ಲಿ ಪರಿಸ್ಥಿತಿ ತಿರುವುಮುರುವು. ಗುಟ್ಟು ಹೊರಬಿದ್ದರೆ ಮೊದಲು ಪೆಟ್ಟು ಬೀಳುವುದು ನಿಮಗೆ.

ನಿಮಗೆ ಮಾತ್ರವೇ ಎಂದು ಕೇಳಿಕೊಳ್ಳಿ. ನನ್ನ ಮಟ್ಟಿಗೆ ಇಡೀ ಪತ್ರದ ಮುಖ್ಯ ಪ್ರಶ್ನೆ ಇದೇ, ಆದರೆ ನೀವು ಅದನ್ನು ಕೇಳಿಲ್ಲ. ನಾಳೆ ಯಾರೋ ನಿಮ್ಮ ಊರಿನ ಕಡೆಯವರು ಬಸ್ ನಿಲ್ದಾಣದಲ್ಲಿ ನಿಮ್ಮನ್ನು ಗುರುತಿಸಿ ಒಂದು ಮಾತು ಆಡಿದರು ಎಂದಿಟ್ಟುಕೊಳ್ಳಿ. ನೀವು ಸಂಜೆಯ ಬಸ್ಸು ಹತ್ತಿ ಬಂದುಬಿಡಬಹುದು. ನಿಮ್ಮನ್ನು ಅಡುಗೆಮನೆಗೆ ಕರೆದ ಸೊಸೆ ಎಲ್ಲಿಗೆ ಹೋಗುತ್ತಾಳೆ? ‘ಯಾರು ಏನು ಎಂದು ವಿಚಾರಿಸದೆ ಒಳಗೆ ಬಿಟ್ಟುಕೊಂಡೆಯಲ್ಲ’ ಎಂಬ ಮಾತನ್ನು ಅತ್ತೆಯಿಂದ ಹಿಡಿದು ನೆರೆಮನೆಯವರವರೆಗೆ ಎಲ್ಲರಿಂದ ಕೇಳಬೇಕಾದವಳು ಅವಳು. ಇನ್ನು ಕಾಲೊನಿಯವರು: ‘ನಿಮಗೆ ಮೊದಲೇ ಗೊತ್ತಿತ್ತು, ಬೇಕೆಂದೇ ನಮಗೆ ಹೇಳಲಿಲ್ಲ’ ಎಂಬ ಆರೋಪ ಅವರ ಮೇಲೆ ಬರುತ್ತದೆ. ಕೂಲಿ, ಗುತ್ತಿಗೆ, ನಾಲೆಯ ನೀರಿನ ಸರದಿ, ಎಲ್ಲಕ್ಕೂ ಅವರು ಆ ಮನೆಗಳ ಮುಖವನ್ನೇ ನೋಡಬೇಕಾದವರು. ನಿಮ್ಮ ಮೌನದ ಬೆಲೆಯನ್ನು ಅವರಿಂದ ವಸೂಲು ಮಾಡುವ ಸಾಧ್ಯತೆ ಇದ್ದರೆ ಆ ಮೌನ ನಿಮ್ಮೊಬ್ಬರ ಖಾಸಗಿ ವಿಷಯವಾಗಿ ಉಳಿಯುವುದಿಲ್ಲ.

ಹಾಗಾಗಿ ಅಡುಗೆಮನೆಯಿಂದ ಜಗಲಿಗೆ ಸರಿಯಿರಿ ಎಂಬುದು ನನ್ನ ಸಲಹೆ. ಅಲ್ಲಿ ಕುಳಿತದ್ದು ತಪ್ಪೆಂದು ಹೀಗೆ ಹೇಳುತ್ತಿಲ್ಲ, ಆ ಸೊಸೆಯನ್ನು ಕಾಪಾಡಲು ಹೇಳುತ್ತಿದ್ದೇನೆ. ಊಟದ ಹೊತ್ತಿಗೆ ಊರಿನಲ್ಲಿ ಇರದಂತೆ ದಿನಚರಿ ಬದಲಿಸಿಕೊಳ್ಳಿ. ಬುತ್ತಿ ಕಟ್ಟಿಕೊಂಡು ಹೋಗಿ. ಚಹಾ ಬೇಕಿದ್ದರೆ ಬಸ್ ನಿಲ್ದಾಣದ ಹೋಟೆಲಿನಲ್ಲಿ ಎಲ್ಲರ ಕಣ್ಣೆದುರು ಕುಡಿಯಿರಿ. ದೇವರ ಕೋಣೆ, ಹೆರಿಗೆಯಾದ ಮನೆ, ಮದುವೆಯ ಶಾಸ್ತ್ರಗಳಲ್ಲಿ ಕೈಜೋಡಿಸಲು ಕರೆ ಬಂದರೆ ನಯವಾಗಿ ಹಿಂದೆ ಸರಿಯಿರಿ. ಯಾರಾದರೂ ‘ನಮ್ಮ ಕಡೆ ಒಬ್ಬ ಇಂಜಿನಿಯರ್ ಹುಡುಗ ಇದ್ದಾನೆ’ ಎಂದು ಸಂಬಂಧದ ಮಾತು ತೆಗೆದರೆ ಆಗ ಸುಮ್ಮನಿರಬೇಡಿ. ತೆಗೆಯುವವರು ಖಂಡಿತ ಇರುತ್ತಾರೆ. ಅಲ್ಲಿ ಮೌನ ಇನ್ನೊಂದು ಮನೆಯವರಲ್ಲಿ ನಿರೀಕ್ಷೆ ಹುಟ್ಟಿಸುತ್ತದೆ. ‘ಮದುವೆಯ ಮಾತು ಬೇಡ, ನಾನು ಓದಿಗಾಗಿ ಬಂದವಳು’ ಎಂದು ಅಲ್ಲಿಗೇ ಮುಗಿಸಿ.

‘ನೀವು ಯಾವ ಜನ?’ ಎಂದು ಮುಖಕ್ಕೇ ಕೇಳಿದರೆ? ಅದು ಅಧಿಕಪ್ರಸಂಗ ಎಂದುಕೊಳ್ಳಬೇಡಿ. ನಿಮ್ಮ ಪ್ರಶ್ನಾವಳಿಯ ಮೊದಲ ಪುಟದಲ್ಲೇ ಜಾತಿಯ ಕಾಲಂ ಇದೆಯಲ್ಲ? ಅವರನ್ನು ಕೇಳುವ ಹಕ್ಕು ನಿಮಗಿದ್ದರೆ ನಿಮ್ಮನ್ನು ಕೇಳುವ ಹಕ್ಕು ಅವರಿಗೂ ಇದೆ. ಉತ್ತರಿಸದಿರುವ ಹಕ್ಕೂ ಹಾಗೆಯೇ ಇಬ್ಬರದು. ‘ನನ್ನ ಜಾತಿಯನ್ನು ಕೆಲಸದ ಜಾಗದಲ್ಲಿ ಹೇಳುವ ಅಭ್ಯಾಸ ನನಗಿಲ್ಲ. ನಿಮಗೂ ಈ ಕಾಲಂ ತುಂಬಿಸಲು ಇಷ್ಟವಿಲ್ಲದಿದ್ದರೆ ಬಿಟ್ಟುಬಿಡಬಹುದು’ ಎಂದು ಹೇಳಿ. ಕೆಲವರು ಮುಖ ತಿರುಗಿಸುತ್ತಾರೆ. ಕೆಲವರು ಅಷ್ಟರಲ್ಲೇ ಉತ್ತರ ಊಹಿಸಿಕೊಳ್ಳುತ್ತಾರೆ. ಹಾಗೆ ಊಹಿಸಿಕೊಂಡ ಮೇಲೂ ಮಾತನಾಡುವವರು ಕೊಟ್ಟ ಮಾಹಿತಿಯನ್ನು ನಂಬಬಹುದು. ಬೇರೆ ಜಾತಿಯ ಹೆಸರು ಹೇಳುವುದು ಮಾತ್ರ ಬೇಡ. ಒಮ್ಮೆ ಹೇಳಿದರೆ ಕುಲ, ಮನೆದೇವರು, ಬೀಗರ ಊರು ಎಂದು ಒಂದರ ಹಿಂದೆ ಒಂದು ಪ್ರಶ್ನೆ ಬರುತ್ತವೆ, ಪ್ರತಿಯೊಂದಕ್ಕೂ ಹೊಸ ಸುಳ್ಳು ಕಟ್ಟಬೇಕಾಗುತ್ತದೆ. ಜೀವಕ್ಕೆ ಅಪಾಯವಿರುವ ಗಳಿಗೆಯಲ್ಲಿ ಏನು ಹೇಳಿ ಪಾರಾಗುತ್ತೀರೋ ಅದು ಬೇರೆ ಮಾತು. ಅದಕ್ಕೆ ಸಂಶೋಧನೆಯ ನೈತಿಕತೆ ನೋಡುವ ಯಾವ ಸಮಿತಿಯೂ ನಿಮ್ಮನ್ನು ಪ್ರಶ್ನಿಸಬಾರದು.

ಇದಕ್ಕೆ ಸೇರಿದ ಇನ್ನೊಂದು ಗೊಂದಲವಿದೆ. ಕರ್ನಾಟಕದಲ್ಲಿ 2025ರ ಒಂದೇ ವರ್ಷದಲ್ಲಿ ಒಳಮೀಸಲಾತಿಗಾಗಿ ಪರಿಶಿಷ್ಟ ಜಾತಿಗಳ ಸಮೀಕ್ಷೆಯೂ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಯೂ ನಡೆದವು. ಕೈಯಲ್ಲಿ ಪುಸ್ತಕ ಹಿಡಿದು ಜಾತಿ ಕೇಳುವವರೆಲ್ಲ ಸರ್ಕಾರದವರು ಎಂದು ಜನ ತಿಳಿದರೆ ಆಶ್ಚರ್ಯವಿಲ್ಲ. ಪಡಿತರ ಚೀಟಿ ರದ್ದಾಗುತ್ತದೆ ಎಂದು ಹೆದರಿ ಜಮೀನು ಕಡಿಮೆ ಹೇಳುವವರು, ಏನಾದರೂ ಸಿಗುತ್ತದೆ ಎಂದು ಸಾಲ ಹೆಚ್ಚು ಹೇಳುವವರು ಇರುತ್ತಾರೆ. ನಿಮ್ಮ ಜಾತಿಯ ಬಗೆಗಿನ ಅವರ ತಪ್ಪು ತಿಳಿವಳಿಕೆಗಿಂತ ಈ ತಪ್ಪು ತಿಳಿವಳಿಕೆ ನಿಮ್ಮ ಅಧ್ಯಯನಕ್ಕೂ ಅವರ ಹಿತಕ್ಕೂ ಹೆಚ್ಚು ಮಾರಕ. ಅದನ್ನು ಪ್ರತಿ ಮನೆಯಲ್ಲೂ, ಪ್ರತಿ ಸಲವೂ ತಿದ್ದಬೇಕು. ಒಪ್ಪಿಗೆ ಪತ್ರದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡ ಮಾತ್ರಕ್ಕೆ ಆ ಕೆಲಸ ಮುಗಿಯುವುದಿಲ್ಲ. ಹೆಬ್ಬೆಟ್ಟು ಒತ್ತಿ ಜಮೀನು ಕಳೆದುಕೊಂಡ ಕಥೆ ಇಲ್ಲದ ಹಳ್ಳಿ ನಮ್ಮಲ್ಲಿ ಅಪರೂಪ. ಎಷ್ಟೋ ಕಡೆ ಬಾಯಿಮಾತಿನ ಒಪ್ಪಿಗೆಯೇ ಮೇಲು. ಅದನ್ನು ದಿನಾಂಕದೊಡನೆ ನೀವು ಬರೆದಿಟ್ಟುಕೊಳ್ಳಿ, ಸಾಧ್ಯವಿದ್ದಲ್ಲಿ ಧ್ವನಿಮುದ್ರಿಸಿಕೊಳ್ಳಿ. ಕಾಗದವೇ ಬೇಕೆಂದು ವಿಶ್ವವಿದ್ಯಾಲಯ ಹಟ ಹಿಡಿದರೆ, ಆ ಕಾಗದ ಕಾಪಾಡುತ್ತಿರುವುದು ಯಾರನ್ನು ಎಂದು ಸಮಿತಿಯವರನ್ನು ಕೇಳಬೇಕಾಗುತ್ತದೆ.

ಇನ್ನು ‘ಮಾಹಿತಿ ನಿಂತುಹೋಗುತ್ತದೆ’ ಎಂಬ ಮಾರ್ಗದರ್ಶಕರ ವಾದ. ಇದಕ್ಕೆ 1962ರಲ್ಲಿ ಅಮೆರಿಕದ ಮಾನವಶಾಸ್ತ್ರಜ್ಞ ಜೆರಾಲ್ಡ್ ಬೆರ್ರಿಮನ್ ಪ್ರಕಟಿಸಿದ ಕಿರುಪುಸ್ತಕಕ್ಕಿಂತ ಒಳ್ಳೆಯ ಉತ್ತರವಿಲ್ಲ. ಅವರು ಹಿಮಾಲಯದ ಗಢವಾಲದ ಬೆಟ್ಟದ ಹಳ್ಳಿಯೊಂದರಲ್ಲಿ ಕೆಲಸ ಮಾಡುತ್ತಿದ್ದರು. ದುಭಾಷಿಯಾಗಿ ಜೊತೆಗಿದ್ದವನು ಬಯಲುಸೀಮೆಯ ಯುವ ಬ್ರಾಹ್ಮಣ. ಊರಿನ ಮೇಲ್ಜಾತಿಯವರು ಅವನೆದುರು ಮಡಿವಂತರಂತೆ ನಡೆದುಕೊಂಡರು. ಬೆಟ್ಟದವರ ಹೆಂಡ, ಮಾಂಸ, ಪ್ರಾಣಿಬಲಿ ಯಾವುದೂ ಮಾತಿಗೆ ಬರಲಿಲ್ಲ. ಕೆಳಜಾತಿಯವರಂತೂ ಬಾಯಿಯನ್ನೇ ಬಿಡಲಿಲ್ಲ. ಕೆಲವು ತಿಂಗಳ ನಂತರ ಆ ದುಭಾಷಿ ಕಾಯಿಲೆ ಬಿದ್ದ. ಅವನ ಜಾಗಕ್ಕೆ ಬಂದವರು ನಡುವಯಸ್ಸಿನ ಒಬ್ಬ ಮುಸ್ಲಿಂ ಶಿಕ್ಷಕರು. ಕೆಲಸ ಕೆಟ್ಟಿತು ಎಂದೇ ಬೆರ್ರಿಮನ್ ಭಾವಿಸಿದ್ದರು. ಆದದ್ದು ಬೇರೆ. ಜಾತಿಯ ಏಣಿಯಲ್ಲಿ ಆ ಶಿಕ್ಷಕರಿಗೆ ಜಾಗವಿರಲಿಲ್ಲವಾದ್ದರಿಂದ ಅವರೆದುರು ಮಡಿವಂತಿಕೆಯ ನಟನೆ ಬೇಕಾಗಲಿಲ್ಲ. ಕೆಳಜಾತಿಯವರು ಬಂದು ಮಾತನಾಡತೊಡಗಿದರು, ಮೇಲಿನವರು ಮುಚ್ಚಿಟ್ಟದ್ದನ್ನೂ ಹೇಳಿದರು. ಹಳ್ಳಿ ಅದೇ, ಕೇಳಿದವನೂ ಅದೇ ಅಮೆರಿಕದವನು. ಪಕ್ಕದಲ್ಲಿ ನಿಂತವರು ಬದಲಾದದ್ದಕ್ಕೆ ಹಳ್ಳಿಯ ಇನ್ನೊಂದು ಮುಖ ಕಂಡಿತು.

ಇದನ್ನು ನಿಮ್ಮ ಹಳ್ಳಿಗೆ ಅನ್ವಯಿಸಿ ನೋಡಿ. ನೀವು ಊರಿನ ದೊಡ್ಡ ಮನೆಯ ಹುಡುಗಿ ಎಂದು ಕಾಲೊನಿಯವರೂ ತಿಳಿದಿದ್ದರೆ ಅಲ್ಲಿ ನಿಮಗೆ ಸಿಕ್ಕಿರುವುದು ಎಂಥ ಉತ್ತರ? ‘ಎಲ್ಲ ಚೆನ್ನಾಗಿ ನೋಡಿಕೊಳ್ಳುತ್ತಾರೆ ಅವ್ವಾ, ನಮಗೇನು ತೊಂದರೆಯಿಲ್ಲ’ ಎಂಬುದು ನಿಮ್ಮ ಟಿಪ್ಪಣಿಯಲ್ಲಿ ಎಷ್ಟು ಸಲ ಬಂದಿದೆ ಎಂದು ತೆಗೆದು ನೋಡಿ. ನಾಲೆಯ ಕೊನೆಯಲ್ಲಿರುವ ಅವರ ತುಂಡು ಗದ್ದೆಗೆ ನೀರು ಬರುವುದು ರಾತ್ರಿಯ ಸರದಿಯಲ್ಲೋ, ಮೇಲಿನವರ ನಾಟಿ ಮುಗಿದ ಮೇಲೋ ಎಂಬುದನ್ನು ಊರಿನವರ ಪೈಕಿ ಎಂದು ತಾವು ತಿಳಿದವಳಿಗೆ ಅವರು ಏಕೆ ಹೇಳಬೇಕು? ಪಂಚಾಯಿತಿ ಸದಸ್ಯರ ಮಗನ ಬೈಕಿನಲ್ಲಿ ಹಿಂದೆ ಕುಳಿತು ಕಾಲೊನಿಗೆ ಹೋಗಿದ್ದರಂತೂ ನೀವು ಕೇಳಿದ ಪ್ರಶ್ನೆಗೆ ಅವರು ಉತ್ತರ ಕೊಟ್ಟದ್ದು ಆ ಹುಡುಗನಿಗೆ. ಮೌನದಿಂದ ಒಂದು ಕಡೆ ಮಾಹಿತಿ ಹರಿಯುತ್ತದೆ, ಇನ್ನೊಂದು ಕಡೆ ಕಟ್ಟುತ್ತದೆ. ನಿಮ್ಮ ವಿಷಯ ಗುತ್ತಿಗೆ ಮತ್ತು ನೀರು. ಯಾವ ಕಡೆಯ ಮಾಹಿತಿ ನಿಮಗೆ ಹೆಚ್ಚು ಮುಖ್ಯ ಎಂದು ಮಾರ್ಗದರ್ಶಕರೊಡನೆ ಕುಳಿತು ಚರ್ಚಿಸಿ.

ಕಾಲೊನಿಯಲ್ಲಿ ಹೇಳಿಬಿಡಿ ಎಂದು ನಾನು ಅವಸರ ಮಾಡುವುದಿಲ್ಲ. ಬಹುಶಃ ಅಲ್ಲಿನ ಹಿರಿಯ ಹೆಂಗಸರಿಗೆ ಈಗಾಗಲೇ ಅನುಮಾನ ಬಂದಿರುತ್ತದೆ. ಯಾರು ಎಲ್ಲಿ ಕೂರಲು ಹಿಂಜರಿಯುವುದಿಲ್ಲ, ಕೊಟ್ಟ ನೀರನ್ನು ಹೇಗೆ ಕುಡಿಯುತ್ತಾರೆ ಎಂಬುದನ್ನು ಅವರಷ್ಟು ಸೂಕ್ಷ್ಮವಾಗಿ ಗಮನಿಸುವವರು ಇನ್ನೊಬ್ಬರಿಲ್ಲ. ಆದರೆ ನೀವು ಬಾಯಿಬಿಟ್ಟು ಹೇಳಿದ ಕ್ಷಣದಿಂದ ಆ ಗುಟ್ಟನ್ನು ಕಾಯುವ ಹೊರೆ ಅವರ ಮೇಲೂ ಬೀಳುತ್ತದೆ. ಹಿಂದೆ ಹೇಳಿದ ‘ನಿಮಗೆ ಗೊತ್ತಿತ್ತು’ ಎಂಬ ಆರೋಪ ಆಗ ನಿಜವೇ ಆಗುತ್ತದೆ. ಅವರಾಗಿಯೇ ಕೇಳಿದರೆ ಸುಳ್ಳಾಡದೆ ಹೇಳಿ. ಕೇಳದಿದ್ದರೆ, ಮೊದಲು ಒಂದಷ್ಟು ವಾರ ಯಾರ ಬೈಕೂ ಇಲ್ಲದೆ, ಯಾರ ಜೊತೆಯೂ ಇಲ್ಲದೆ ನಡೆದುಕೊಂಡು ಹೋಗಿ ಅವರ ಹಟ್ಟಿಯ ಮುಂದೆ ಕೂರುವುದರಿಂದ ಶುರು ಮಾಡಿ.

ಹೀನಾಯ ಮಾತುಗಳ ವಿಷಯ. ಇಲ್ಲಿ ನನ್ನ ಸಹೋದ್ಯೋಗಿಗಳೆಲ್ಲ ನನ್ನ ಮಾತನ್ನು ಒಪ್ಪುವುದಿಲ್ಲ. ಆದರೂ ಹೇಳುತ್ತೇನೆ. ನಿಮ್ಮ ಕೈಯಲ್ಲಿ ಪುಸ್ತಕ ತೆರೆದಿದ್ದಾಗ, ನೀವು ಸಂಶೋಧಕಿ ಎಂದು ತಿಳಿದೇ ಆಡಿದ ಮಾತು ನಿಮ್ಮ ಆಧಾರ ಸಾಮಗ್ರಿ. ಹೇಳಿದವರ ಗುರುತು ಸಿಗದಂತೆ ಅದನ್ನು ಧಾರಾಳವಾಗಿ ಬಳಸಿ. ಜಗಲಿಯ ಮೇಲೆ ಹತ್ತು ಜನರೆದುರು, ದಾರಿಯಲ್ಲಿ ಹೋಗುವವರಿಗೂ ಕೇಳುವಂತೆ ಆಡಿದ ಮಾತೂ ಹಾಗೆಯೇ. ಅದು ಆಗಲೇ ಊರಿನ ಮಾತು. ‘ನಮ್ಮ ಹುಡುಗಿ’ ಎಂಬ ಸಲುಗೆಯಲ್ಲಿ ಒಳಮನೆಯಲ್ಲಿ ಪಿಸುಗುಟ್ಟಿದ್ದು ಬೇರೆ. ಅದನ್ನು ಉದ್ಧರಣ ಚಿಹ್ನೆಯೊಳಗೆ ಇಡಬೇಡಿ. ಆ ಬಗೆಯ ಮಾತುಗಳು ಒಟ್ಟಾರೆ ಏನು ತೋರಿಸುತ್ತವೆ ಎಂಬುದನ್ನು ನಿಮ್ಮ ವಾಕ್ಯಗಳಲ್ಲಿ ಬರೆಯಿರಿ. ಅವು ನಿಮಗೆ ದಕ್ಕಿದ್ದು ಹೇಗೆ ಎಂಬುದನ್ನೂ ಬರೆಯಿರಿ. ಅವರನ್ನು ಕಾಪಾಡಬೇಕಾದದ್ದು ಅವರ ಮಾತು ಗೌರವಕ್ಕೆ ಅರ್ಹ ಎಂಬ ಕಾರಣಕ್ಕಲ್ಲ. ಸಲುಗೆಯನ್ನು ಸಾಮಗ್ರಿಯಾಗಿ ಮಾಡಿಕೊಳ್ಳುವ ಅಭ್ಯಾಸ ಒಮ್ಮೆ ಅಂಟಿದರೆ ಮುಂದೆ ಅದು ಬಡವರ ಮನೆಯಲ್ಲೂ ನಡೆಯುತ್ತದೆ.

ಅಂಥ ಮಾತು ಕೇಳಿಸಿಕೊಂಡ ರಾತ್ರಿ ನಿಮಗೆ ಏನಾಯಿತು ಎಂದು ನೀವು ಪತ್ರದಲ್ಲಿ ಬರೆದಿಲ್ಲ. ಅದಕ್ಕೆ ಪ್ರತ್ಯೇಕ ದಿನಚರಿ ಇಡಿ. ಕ್ಷೇತ್ರ ಟಿಪ್ಪಣಿಯ ಜೊತೆ ಬೆರೆಸಬೇಡಿ, ಯಾರಿಗೂ ತೋರಿಸಬೇಕಾಗಿಲ್ಲ. ಆದರೆ ವಿಶ್ಲೇಷಣೆಗೆ ಕುಳಿತಾಗ, ಯಾವ ದಿನ ಯಾರ ಮನೆಗೆ ಹೋಗುವುದನ್ನು ತಪ್ಪಿಸಿಕೊಂಡಿರಿ, ಏಕೆ, ಎಂಬುದು ಅದರಿಂದಲೇ ಹೊಳೆಯುತ್ತದೆ.

ಊರಿನ ಹೆಸರು ಬದಲಿಸಿದರೆ ಸಾಕೇ ಎಂದು ಕೇಳಿದ್ದೀರಿ. ಸಾಲದು. ನ್ಯೂಯಾರ್ಕ್ ರಾಜ್ಯದ ಸಣ್ಣ ಊರೊಂದನ್ನು ಕುರಿತು ಆರ್ಥರ್ ವಿಡಿಚ್ ಮತ್ತು ಜೋಸೆಫ್ ಬೆನ್ಸ್‌ಮನ್ 1958ರಲ್ಲಿ ಪುಸ್ತಕ ಪ್ರಕಟಿಸಿದರು. ಯಾರ ಗುರುತೂ ಸಿಗದು ಎಂದು ಅಧ್ಯಯನ ತಂಡ ಊರಿಗೆ ಮಾತು ಕೊಟ್ಟಿತ್ತು. ಊರಿಗೂ ಜನರಿಗೂ ಕಲ್ಪಿತ ಹೆಸರಿಟ್ಟಿದ್ದರು. ಊರಿನವರು ಓದಿ ಯಾರು ಯಾರೆಂದು ಥಟ್ಟನೆ ಗುರುತಿಸಿದರು. ಅಮೆರಿಕದ ಸ್ವಾತಂತ್ರ್ಯ ದಿನವಾದ ಜುಲೈ 4ರ ಮೆರವಣಿಗೆಯಲ್ಲಿ ಪುಸ್ತಕದ ಕಲ್ಪಿತ ಹೆಸರುಗಳನ್ನು ಧರಿಸಿ, ಮುಖವಾಡ ಹಾಕಿಕೊಂಡು ಬಂಡಿ ಹತ್ತಿದರು. ಕೊನೆಗೆ ಒಂದು ಗೊಬ್ಬರದ ಗಾಡಿ, ಅದರಲ್ಲಿ ಗೊಬ್ಬರದ ಮೇಲೆ ಬಗ್ಗಿ ನಿಂತ ಲೇಖಕನ ಪ್ರತಿಕೃತಿ! ಪುಸ್ತಕ ವಿಮರ್ಶೆಯಲ್ಲಿ ಇದನ್ನು ಮೀರಿಸಿದ್ದು ನನಗೆ ಗೊತ್ತಿಲ್ಲ. ನಗು ಬರುತ್ತದೆ, ಆದರೆ ಆ ಊರಿನಲ್ಲಿ ನೊಂದವರೂ ಇದ್ದರು. ರಾಮಪುರವೆಂದರೆ ಕೊಡಗಹಳ್ಳಿ ಎಂಬುದೂ ಇಂದು ಗುಟ್ಟಾಗಿ ಉಳಿದಿಲ್ಲ.

ಹೊರಗಿನವರಿಂದ ಮರೆಮಾಡುವುದು ಸುಲಭ. ಕಷ್ಟವಿರುವುದು ಊರೊಳಗಿನವರಿಂದ ಮರೆಮಾಡುವುದು. ನಿಮ್ಮ ಹಳ್ಳಿಯಲ್ಲಿ ನೀರುಗಂಟಿ ಒಬ್ಬನೇ ಇದ್ದರೆ ಅವನನ್ನು ‘ಮಾದಯ್ಯ’ ಎಂದು ಕರೆದರೂ ‘ಮಾಹಿತಿದಾರ 14’ ಎಂದು ಕರೆದರೂ ಅವನು ಅವನೇ. ರಾತ್ರಿ ತೂಬು ಎತ್ತಲು ದುಡ್ಡು ಕೊಟ್ಟವರು ಯಾರು ಎಂದು ಅವನು ನಿಮಗೆ ಹೇಳಿದ್ದರೆ, ಆ ವಾಕ್ಯವನ್ನು ಓದಿ ಅವನನ್ನು ಗುರುತಿಸುವವರು ದೆಹಲಿಯ ವಿದ್ವಾಂಸರಲ್ಲ, ದುಡ್ಡು ಕೊಟ್ಟವರೇ. ಇಂಥ ಕಡೆ ಮಾತನ್ನು ಅವನಿಂದ ಬಿಡಿಸಿ, ಇನ್ನೂ ಕೆಲವರ ಮಾತಿನೊಡನೆ ಸೇರಿಸಿ ‘ನೀರು ಬಿಡುವ ಕೆಲಸ ಬಲ್ಲವರು ಹೇಳುವಂತೆ’ ಎಂದು ಬರೆಯಬೇಕಾಗುತ್ತದೆ. ಕೆಲವೊಮ್ಮೆ ಬಿಟ್ಟೇಬಿಡಬೇಕಾಗುತ್ತದೆ. ನಿಮ್ಮ ಪ್ರಬಂಧದ ಅತಿ ಚೆನ್ನಾದ ಪುಟ ಅದೇ ಆಗಿದ್ದರೂ ಸರಿ.

ಮೊದಲು ಮಹಾಪ್ರಬಂಧ ಗ್ರಂಥಾಲಯದ ಕಪಾಟಿನಲ್ಲಿ ಧೂಳು ಹಿಡಿದು ಕೂರುತ್ತಿತ್ತು, ಜನರಿಗೆ ಅದೇ ದೊಡ್ಡ ರಕ್ಷಣೆಯಾಗಿತ್ತು. ಯುಜಿಸಿಯ 2022ರ ನಿಯಮಾವಳಿಯಂತೆ ಪಿಎಚ್.ಡಿ. ಪ್ರಬಂಧದ ವಿದ್ಯುನ್ಮಾನ ಪ್ರತಿಯನ್ನು ವಿಶ್ವವಿದ್ಯಾಲಯ ಗ್ರಂಥಾಲಯಗಳ ಜಾಲಕೇಂದ್ರವಾದ ಇನ್‌ಫ್ಲಿಬ್‌ನೆಟ್‌ಗೆ ಸಲ್ಲಿಸಬೇಕು. ಅದರ ಜಾಲತಾಣ ‘ಶೋಧಗಂಗಾ’ದಲ್ಲಿ ಅದನ್ನು ಯಾರು ಬೇಕಾದರೂ ಮೊಬೈಲಿನಲ್ಲೇ ತೆರೆಯಬಹುದು. ನೀವು ಕನ್ನಡದಲ್ಲಿ ಬರೆಯುತ್ತಿದ್ದರೆ ಮೊದಲ ಓದುಗ ಆ ಹಳ್ಳಿಯ ಪದವೀಧರ ಹುಡುಗನೇ ಆಗಬಹುದು. ಅವನು ಓದುತ್ತಾನೆ ಎಂದುಕೊಂಡೇ ಪ್ರತಿ ಸಾಲನ್ನೂ ಬರೆಯಿರಿ. ಮತ್ತೆ, ಒಳಗೆಲ್ಲ ಊರಿನ ಹೆಸರು ಬದಲಿಸಿ ‘ಕೃತಜ್ಞತೆಗಳು’ ಪುಟದಲ್ಲಿ ಅದೇ ಗ್ರಾಮ ಪಂಚಾಯಿತಿಯ ಅಧ್ಯಕ್ಷರಿಗೆ ಹೆಸರು ಹಿಡಿದು ವಂದನೆ ಸಲ್ಲಿಸುವ ಪ್ರಬಂಧಗಳನ್ನು ನಾನು ಪರೀಕ್ಷಕನಾಗಿ ಸಾಕಷ್ಟು ನೋಡಿದ್ದೇನೆ. ಅನುಬಂಧದ ನಕ್ಷೆ, ಮೊಬೈಲಿನಲ್ಲಿ ತೆಗೆದ ಚಿತ್ರದೊಳಗೆ ಅಡಗಿರುವ ಸ್ಥಳದ ವಿವರ, ಹಿನ್ನೆಲೆಯಲ್ಲಿ ಕಾಣುವ ಶಾಲೆಯ ನಾಮಫಲಕ, ಇವುಗಳ ಮೇಲೂ ಕಣ್ಣಿರಲಿ.

‘ನೀವು ಹೇಳಿದ್ದು ಯಾರಿಗೂ ತಿಳಿಯುವುದಿಲ್ಲ’ ಎಂದು ಮಾತು ಕೊಡುವ ಮುನ್ನ ಕಾನೂನನ್ನೂ ನೆನಪಿಡಿ. ವಕೀಲರಿಗೆ ಕಕ್ಷಿದಾರನ ಮಾತಿನ ವಿಷಯದಲ್ಲಿ ಇರುವ ರಕ್ಷಣೆ ಸಂಶೋಧಕರಿಗೆ ನಮ್ಮಲ್ಲಿ ಇಲ್ಲ. ಮಕ್ಕಳ ಮೇಲಿನ ಲೈಂಗಿಕ ಅಪರಾಧ ನಿಮ್ಮ ಗಮನಕ್ಕೆ ಬಂದರೆ 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನ ಪ್ರಕಾರ ವರದಿ ಮಾಡಲೇಬೇಕು, ಮಾಡದಿದ್ದರೆ ಶಿಕ್ಷೆಯಿದೆ. ಆದ್ದರಿಂದ ಒಪ್ಪಿಗೆಯ ಮಾತಿನಲ್ಲೇ ‘ಮಕ್ಕಳಿಗೆ ಅಪಾಯವಿರುವ ಸಂಗತಿಯನ್ನು ಮಾತ್ರ ನಾನು ಮುಚ್ಚಿಡಲಾರೆ’ ಎಂದು ಸೇರಿಸಿ. ಅಮೆರಿಕದಲ್ಲಿ ರಿಕ್ ಸ್ಕಾರ್ಸ್ ಎಂಬ ಸಮಾಜಶಾಸ್ತ್ರದ ಸಂಶೋಧನಾ ವಿದ್ಯಾರ್ಥಿ ಮಾಹಿತಿದಾರರಿಗೆ ಕೊಟ್ಟ ಮಾತು ಉಳಿಸಿಕೊಳ್ಳಲು ಸಾಕ್ಷ್ಯ ಹೇಳಲು ಒಪ್ಪದೆ 1993ರಲ್ಲಿ 159 ದಿನ ಜೈಲಿನಲ್ಲಿದ್ದರು. ಅಷ್ಟು ಸಿದ್ಧತೆ ಇಲ್ಲದಿದ್ದರೆ ಅಷ್ಟು ದೊಡ್ಡ ಮಾತು ಕೊಡಬೇಡಿ.

ನಿಮ್ಮ ಸುರಕ್ಷತೆಯ ಬಗ್ಗೆ ನೀವೂ ಕೇಳಿಲ್ಲ, ನಿಮ್ಮ ಮಾರ್ಗದರ್ಶಕರಿಗೂ ಅದು ಹೊಳೆದಂತಿಲ್ಲ. ‘ಹೇಳಬೇಡಿ’ ಎಂದು ಸಲಹೆ ಕೊಟ್ಟವರು, ಗೊತ್ತಾದರೆ ಏನು ಮಾಡಬೇಕು ಎಂಬುದನ್ನೂ ಹೇಳಬೇಕಿತ್ತು. ಅವರನ್ನು ಕೇಳಿ, ಲಿಖಿತವಾಗಿ ಪಡೆಯಿರಿ. ಊರಿನಿಂದ ದಿನವೂ ಯಾರಿಗೆ ಫೋನ್ ಮಾಡುತ್ತೀರಿ, ಕತ್ತಲಾದ ಮೇಲೆ ಹೊರಡಬೇಕಾದರೆ ವಾಹನ ಯಾರದು, ವಾಸ್ತವ್ಯ ಹಳ್ಳಿಯಲ್ಲೋ ತಾಲ್ಲೂಕು ಕೇಂದ್ರದಲ್ಲೋ ಎಂಬುದೆಲ್ಲ ಅದರಲ್ಲಿರಲಿ. ಈಗಿನ ಸ್ಥಿತಿಯಲ್ಲಿ ತಾಲ್ಲೂಕು ಕೇಂದ್ರವೇ ವಾಸಿ. ಜಾತಿ ನಿಂದನೆ, ಬೆದರಿಕೆ ನಡೆದರೆ 1989ರ ದೌರ್ಜನ್ಯ ತಡೆ ಕಾಯ್ದೆ ನಿಮ್ಮ ಬೆನ್ನಿಗಿದೆ, ಆದರೆ ದೂರು ಕೊಟ್ಟ ಮರುದಿನ ಕಾಲೊನಿಯಲ್ಲಿ ಏನಾಗುತ್ತದೆ ಎಂಬುದನ್ನು ಅಲ್ಲಿನ ಹಿರಿಯರೊಡನೆ ಮಾತನಾಡಿಯೇ ಮುಂದಿನ ಹೆಜ್ಜೆ ಇಡಿ. ಮನಸ್ಸು ತಡೆಯಲಾರದೆ ಊರು ಬದಲಿಸಬೇಕೆನಿಸಿದರೆ ಬದಲಿಸಿ. ಅದೇ ನಾಲೆಯ ಮೇಲೆ ಹತ್ತಾರು ಹಳ್ಳಿಗಳಿವೆ.

ಕಡೆಗೆ ಪ್ರಬಂಧ. ವಿಧಾನವನ್ನು ಕುರಿತ ಅಧ್ಯಾಯದಲ್ಲಿ ನೀವು ಯಾರು, ಊರಿನವರು ನಿಮ್ಮನ್ನು ಯಾರೆಂದುಕೊಂಡರು, ಅದರಿಂದ ಏನು ಕಂಡಿತು, ಏನು ಕಾಣಲಿಲ್ಲ ಎಂಬುದನ್ನು ಬರೆಯಿರಿ. ಶ್ರೀನಿವಾಸ್, ಬೆತೆಯ್ ಇಬ್ಬರೂ ಬರೆದರು. ನೀವೂ ಬರೆಯದಿದ್ದರೆ ಓದುಗರಿಗೆ ನಿಮ್ಮ ಮಾಹಿತಿಯನ್ನು ತೂಗುವ ದಾರಿಯಿಲ್ಲ. ಹಾಗೆ ಬರೆದರೆ ಊರಿಗೆ ತಿಳಿಯುತ್ತದೆ, ನಿಜ. ಅದಕ್ಕೇ ಪ್ರಬಂಧ ಸಲ್ಲಿಸುವ ಮುಂಚೆ ಎರಡು ಕೆಲಸ ಮುಗಿಸಿ. ನೀವು ಉಂಡ ಮನೆಗಳ ಗುರುತು ಪಠ್ಯದಲ್ಲಿ ಎಲ್ಲಿಯೂ ಉಳಿದಿಲ್ಲ ಎಂದು ಖಚಿತಪಡಿಸಿಕೊಳ್ಳಿ. ‘ಒಂದು ಮನೆಯ ಸೊಸೆ’ ಎಂಬಷ್ಟು ಕೂಡ ಬೇಡ. ಆಮೇಲೆ ಊರಿಗೆ ಹೋಗಿ ನಿಮಗೆ ಕಂಡ ಸಂಗತಿಗಳನ್ನು ತಿಳಿಸಿ. ನೀರಿನ ಸರದಿ, ಗುತ್ತಿಗೆಯ ದರ, ಯಾರ ಗದ್ದೆಗೆ ಎಷ್ಟು ದಿನಕ್ಕೆ ನೀರು ಬರುತ್ತದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಒಯ್ದರೆ ಸಾಕು. ಪಂಚಾಯಿತಿ ಸಭಾಂಗಣದಲ್ಲಿ ಒಂದು ಸಭೆ, ಕಾಲೊನಿಯ ಸಮುದಾಯ ಭವನದಲ್ಲಿ ಇನ್ನೊಂದು. ಒಂದೇ ಸಭೆ ಸಾಕು, ಎಲ್ಲರೂ ಇಲ್ಲಿಗೇ ಬರುತ್ತಾರೆ ಎಂದು ಅಧ್ಯಕ್ಷರು ಹೇಳುತ್ತಾರೆ. ಬರುತ್ತಾರೆ, ಬಂದು ಹಿಂದೆ ನಿಲ್ಲುತ್ತಾರೆ. ಕಾಲೊನಿಯ ಸಭೆಯನ್ನೇ ಮೊದಲು ನಡೆಸಿ, ಅವರು ಕೊಟ್ಟ ತಿದ್ದುಪಡಿಗಳನ್ನು ಹಾಕಿಕೊಂಡು ಪಂಚಾಯಿತಿಗೆ ಹೋಗಿ.